ಕೆಂದಿ ಕುಡಿದ ನೀರು

ಕಣ್ಣಿಗೆ ಕಂಡದ್ದಕ್ಕೆ, ಅಳತೆಗೆ ಸಿಕ್ಕಿದ್ದಕ್ಕೆ ಮಾತ್ರ ಬೆಲೆ ಕೊಡುತ್ತಿದ್ದ ಮನುಷ್ಯ ನಾನು. ದೆವ್ವಭೂತದ ಮಾತೆತ್ತಿದವರನ್ನು ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಈ ಸಂಗತಿಯನ್ನು ನಾನೇ ಕಣ್ಣಾರೆ ಕಂಡೆ. ತೊಂದರೆ ಇರುವುದೇ ಅಲ್ಲಿ.

ಯುದ್ಧದ ಕಾಲ. ಹೊಸಕೋಟೆಯ ಹೊರಗೆ ಮಿಲಿಟರಿ ಲಾರಿಗಳ ರಿಪೇರಿ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಇಂಜಿನ್ ತೊಳೆದ ಎಣ್ಣೆನೀರು ಹರಿದು ಪಕ್ಕದ ಗೋಕಟ್ಟೆ ಕಪ್ಪಾಗಿ, ದನಗಳು ಕುಡಿಯದಂತಾಗಿತ್ತು. ಆ ನೀರನ್ನು ತೊಟ್ಟಿಗೆ ತುಂಬಿ, ಕಬ್ಬಿಣದ ತಗಡುಗಳನ್ನು ಇಳಿಬಿಟ್ಟು ಕರೆಂಟ್ ಹಾಯಿಸಿದರೆ, ಸಣ್ಣ ಗುಳ್ಳೆಗಳೆದ್ದು ಎಣ್ಣೆಯೆಲ್ಲ ಕಂದು ನೊರೆಯಾಗಿ ಮೇಲೆ ಬರುತ್ತಿತ್ತು. ನೊರೆ ತೆಗೆದು, ತಿಳಿಯಾದ ನೀರನ್ನು ಹೊರಗಿನ ಕಲ್ಲುಬಾನಿಗೆ ಬಿಡುತ್ತಿದ್ದೆ. ಕಾರ್ಖಾನೆಯ ಸಾಹೇಬರಿಗೆ ಅದೊಂದು ಹುಚ್ಚಾಟ. ಶೆಡ್ಡಿನಲ್ಲಿ ನಾನೊಬ್ಬನೇ, ದಿನಗಟ್ಟಲೆ ಯಾರೂ ಮಾತಾಡಿಸುತ್ತಿರಲಿಲ್ಲ.

ಮಾತಾಡಿಸುತ್ತಿದ್ದವಳು ಪಕ್ಕದ ಗುಡಿಸಲಿನ ಮುನಿಯಮ್ಮಜ್ಜಿ ಒಬ್ಬಳೇ. ದಿನಾ ಸಂಜೆ ತನ್ನ ಹಸು ಕೆಂದಿಯನ್ನು ಬಾನಿಯ ಬಳಿ ತರುತ್ತಿದ್ದಳು. ಕೆಂದಿ ಮೂಸಿ ಮುಖ ತಿರುಗಿಸುತ್ತಿತ್ತು. "ನೀರು ಚೆನ್ನಾಗಿದೆ ಅಂತ ನೀನು ಹೇಳಿದ್ರೆ ಆಯ್ತೇನಪ್ಪ, ಇದು ಒಪ್ಪಬೇಕಲ್ಲ" ಎಂದು ಅಜ್ಜಿ ನಗುತ್ತಿದ್ದಳು. ಹಸು ಗಬ್ಬವಾಗಿತ್ತು. ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳೂ ಬತ್ತಿದಾಗ, ವಿಧಿಯಿಲ್ಲದೆ ಅದನ್ನು ಹೊಡೆದುಕೊಂಡು ಸಮೇತನಹಳ್ಳಿಯ ಮಗಳ ಮನೆಗೆ ಹೊರಟುಹೋದಳು. ಆಮೇಲೆ ಸಂಜೆಗಳನ್ನು ಕಳೆಯುವುದೇ ನನಗೆ ಕಷ್ಟವಾಯಿತು.

ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ, ಹೊರಗೆ ಹಸು ನೀರು ಹೀರುವ ಸದ್ದು ಕೇಳಿತು. ಬಂದು ನೋಡಿದರೆ ಕೆಂದಿ. ಹಣೆಯ ಬಿಳಿ ಮಚ್ಚೆ, ಮುರಿದ ಎಡಕೊಂಬು, ಎಲ್ಲ ಅದರದೇ. ತಲೆಯೆತ್ತದೆ ಕುಡಿಯುತ್ತಿತ್ತು. ನನಗೆ ಅಳು ಬಂತು. ಅಜ್ಜಿಯೂ ಬಂದಿರಬೇಕೆಂದು ಗುಡಿಸಲಿನ ಕಡೆ ನಾಲ್ಕು ಹೆಜ್ಜೆ ಹೋಗಿ ತಿರುಗುವಷ್ಟರಲ್ಲಿ ಹಸು ಇರಲಿಲ್ಲ. ಸುತ್ತ ಬಟ್ಟಾಬಯಲು. ಬೆಳಿಗ್ಗೆ ತುಂಬಿಸಿದ್ದ ಬಾನಿಯ ನೀರು ತಳ ಮುಟ್ಟಿತ್ತು.

ಮರುದಿನ ಸಮೇತನಹಳ್ಳಿಗೆ ನಡೆದೇ ಹೋದೆ. ಕೆಂದಿ ಕೊಟ್ಟಿಗೆಯಲ್ಲಿ ಮಲಗಿತ್ತು, ಪಕ್ಕದಲ್ಲಿ ಎಳೆಗರು.

"ನೆನ್ನೆ ಸಂಜೆ ಈದದ್ದು ಕಣಪ್ಪ. ಮಧ್ಯಾಹ್ನದಿಂದ ಒದ್ದಾಡ್ತು, ಎದ್ದೇ ಇಲ್ಲ. ಈದ್ಮೇಲೆ ನೀರಿಟ್ರೆ ಮೂಸ್ಲೂ ಇಲ್ಲ ನೋಡು, ಹೊಟ್ಟೆ ತುಂಬಿದಂಗೆ ಮಲಗ್ಬಿಡ್ತು" ಅಂದಳು ಅಜ್ಜಿ.

ಬೇರೆ ಹಸುವಿರಬಹುದೆ, ಒಂಟಿತನದಲ್ಲಿ ಬುದ್ಧಿ ಕೆಟ್ಟಿತ್ತೆ ಎಂದು ಆಗಿನಿಂದ ಎಷ್ಟೋ ಯೋಚಿಸಿದ್ದೇನೆ. ಆ ಮಚ್ಚೆಗೆ, ಮುರಿದ ಕೊಂಬಿಗೆ ಮೊದಲನೆಯದು ಸರಿಹೊಂದುವುದಿಲ್ಲ, ಬರಿದಾದ ಆ ಬಾನಿಗೆ ಎರಡನೆಯದು.

ಅವತ್ತು ಹೊರಡುವಾಗ, ವಾಪಸ್ಸು ಯಾವಾಗ ಬರ್ತೀಯ ಎಂದು ಅಜ್ಜಿಯನ್ನು ಕೇಳಿದೆ. "ನಿನ್ನ ನೀರ ಕೆಂದಿ ಕುಡೀಲಿ, ಅವತ್ತೇ ಬಂದ್ಬಿಡ್ತೀನಿ" ಅಂದಳು. ಕುಡಿಯಿತು ಅಜ್ಜಿ, ನಾನು ನೋಡಿದೆ ಎನ್ನಲು ನಾಲಿಗೆ ಹೊರಳಲಿಲ್ಲ. ಒಬ್ಬನೇ ಹಿಂದಿರುಗಿದೆ.