ಗಗನವೀರರು ಬಿದ್ದಲ್ಲಿಗೆ ಗಾಡಿಯಮ್ಮ

ಬೆಳಗಿನ ಜಾವ. ಮೈದಾನದ ತುಂಬ ಜನ, ಎಲ್ಲರ ಕತ್ತೂ ಆಕಾಶದ ಕಡೆಗೆ. ಹೊಗೆ ಉಗುಳುತ್ತಾ ಬಲೂನು ಮೇಲೇರುತ್ತಿದೆ. ಬುಟ್ಟಿಯೊಳಗಿಂದ ಗಗನವೀರರು ಟೋಪಿ ಬೀಸುತ್ತಿದ್ದಾರೆ. ಇಷ್ಟು ಜನರ ನಡುವೆ ತಲೆ ಬಗ್ಗಿಸಿ ನಿಂತವರು ಒಬ್ಬರೇ. ಮೈದಾನದ ಮೂಲೆಯಲ್ಲಿ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಿರುವ ಆಕೆಗೆ ಮೇಲೆ ನೋಡಲು ಪುರುಸೊತ್ತಿಲ್ಲ. ಮನೆಗಳ ಹೊಗೆಗೂಡುಗಳತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ. ಹೊಗೆ ಉತ್ತರಕ್ಕೆ ವಾಲಿದೆ.

"ಇವತ್ತು ಗಿರಣಿ ಕಡೆ," ಎಂದು ಗೊಣಗಿಕೊಂಡು ಗಾಡಿ ಹತ್ತುತ್ತಾರೆ. ಗಾಡಿಯಲ್ಲಿ ಏಣಿ, ಹಗ್ಗ, ಊಟದ ಡಬ್ಬಿ, ಒಂದು ಜೊತೆ ಒಣ ಬಟ್ಟೆ.

ಗಗನವೀರರನ್ನು ಅರಿಯದವರಿಲ್ಲ. ಅವರಂತೆ ಮೀಸೆ ಬಿಡುವುದು ಈಗ ಹುಡುಗರ ಶೋಕಿ. ಅವರಿಗೆ ಮದುವೆಯಾಗಿದೆ ಎಂಬುದು ಮಾತ್ರ ಪೇಟೆಯ ಬಹಳ ಜನಕ್ಕೆ ಗೊತ್ತಿಲ್ಲ. ಊರಾಚೆಯ ರೈತರಿಗೆ ಚೆನ್ನಾಗಿ ಗೊತ್ತು. ಅವರ ಬಾಯಲ್ಲಿ ಈಕೆ ಗಾಡಿಯಮ್ಮ. ಗಂಡ ಎಲ್ಲೇ ಬೀಳಲಿ, ಹುಡುಕಿ ಗಾಡಿಗೆ ಹಾಕಿಕೊಂಡು ಮನೆ ಸೇರಿಸುವುದು ಇವರ ಕೆಲಸ.

ಗಿರಣಿ ದಾಟಿ, ತೋಪಿನ ಬಳಿ ಗಾಡಿ ನಿಲ್ಲುತ್ತದೆ.

"ರೀ! ಎಲ್ಲಿದ್ದೀರಿ?"

"ಮೇಲೆ!"

"ಮೇಲೆ ಅಂತ ಗೊತ್ತು ಕಣ್ರೀ. ಯಾವ ಮರ?"

ಏಣಿ ಒರಗಿಸಿದ್ದಾಯಿತು. ಇಳಿದು ಬಂದ ಗಗನವೀರರು ಮೊದಲು ಮೀಸೆ ಮುಟ್ಟಿ ನೋಡಿಕೊಳ್ಳುತ್ತಾರೆ, ಆಮೇಲೆ ಮೊಣಕಾಲು. "ಯಾರಾದ್ರೂ ನೋಡಿದ್ರಾ?" ಎನ್ನುತ್ತಾರೆ ಮೆಲ್ಲಗೆ.

"ಯಾರೂ ಇಲ್ಲ. ಕೋಟು ಬದಲಾಯಿಸಿ, ಜನ ಬರ್ತಿದಾರೆ."

ಮರುದಿನದ ಪತ್ರಿಕೆಯಲ್ಲಿ 'ಗಗನವೀರರು ಹಕ್ಕಿಯಂತೆ ಧರೆಗಿಳಿದರು' ಎಂದು ಬರುತ್ತದೆ. ಅದನ್ನು ಓದಿ ಹೇಳಿದರೆ ಗಾಡಿಯಮ್ಮ ಸೂಜಿಗೆ ದಾರ ಪೋಣಿಸುತ್ತಲೇ, "ಹಕ್ಕಿ ಹಾಗೇನೋ ಹೌದು. ಗುಂಡೇಟು ಬಿದ್ದ ಹಕ್ಕಿ," ಎನ್ನುತ್ತಾರೆ.

ಈಕೆ ಡೇರೆ ಹೊಲಿಯುವವರ ಮಗಳು. ಒಂದು ಮಧ್ಯಾಹ್ನ ಬಡಕಲು ಯುವಕನೊಬ್ಬ ಅಪ್ಪನ ಅಂಗಡಿಗೆ ಬಂದು, ಬಾಗಿಲಿಲ್ಲದ, ಗೂಟವಿಲ್ಲದ, ದುಂಡಗಿನ ಡೇರೆಯೊಂದು ಬೇಕು ಎಂದ. ಅಪ್ಪ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಮೂಲೆಯಲ್ಲಿ ಹೊಲಿಯುತ್ತಿದ್ದ ಮಗಳು ತಲೆ ಎತ್ತಿ, "ಬಾಯಿ ಕೆಳಗಡೆ ಇರಬೇಕಾ?" ಎಂದು ಕೇಳಿದಳು. ಯುವಕ ಅಲ್ಲೇ ಅವಳಿಗೆ ಬಿದ್ದ. ಅವನು ಬಿದ್ದದ್ದರಲ್ಲಿ ಅದೇ ಮೊದಲು.

"'ನನ್ನ ಮಾತು ಅರ್ಥ ಮಾಡಿಕೊಂಡವಳು ನೀನೊಬ್ಬಳೇ' ಅಂದ್ರು. ನನಗೇನೂ ಅರ್ಥ ಆಗಿರಲಿಲ್ಲಪ್ಪ. ಅಳತೆ ಬೇಕಿತ್ತು, ಕೇಳಿದೆ, ಅಷ್ಟೇ," ಎನ್ನುತ್ತಾರೆ ಗಾಡಿಯಮ್ಮ.

ಮದುವೆಯಾದ ಮೇಲೆ ಇವರ ಮನೆಯಲ್ಲಿ ಮೂವರು: ಗಂಡ, ಹೆಂಡತಿ, ಬಲೂನು. ದೊಡ್ಡ ಕೋಣೆ ಬಲೂನಿನದು. ದಂಪತಿ ಮಲಗುವುದು ಅಡುಗೆಮನೆಯ ಪಕ್ಕದ ಗೂಡಿನಂಥ ಕೋಣೆಯಲ್ಲಿ. ಹರಿದಲ್ಲೆಲ್ಲ ತೇಪೆ ಹಾಕಲು ರೇಷ್ಮೆ ಸಾಲದೆ ಹೋದಾಗ ಈಕೆಯ ಮದುವೆಯ ಉಡುಪೂ ಬಲೂನಿಗೆ ಸೇರಿತು. "ನನ್ನ ಮದುವೆ ಬಟ್ಟೆ ನನಗಿಂತ ಜಾಸ್ತಿ ಊರು ನೋಡಿದೆ," ಎಂದು ನಗುತ್ತಾರೆ.

ಹೊಲಿಗೆಗಿಂತ ಕಷ್ಟದ್ದು ರೈತರ ಬೈಗುಳ. ಬಲೂನು ಕಂಡು ಕೋಳಿಗಳು ಮೊಟ್ಟೆಯಿಡುವುದನ್ನು ಬಿಟ್ಟರೆ, ಎಮ್ಮೆ ಬೇಲಿ ಮುರಿದರೆ, ಗಗನವೀರರು ಗಂಭೀರವಾಗಿ ಮೋಡ ನೋಡುತ್ತಾ ನಿಂತುಬಿಡುತ್ತಾರೆ. ಮಾತು ಕೇಳಬೇಕಾದವರು ಗಾಡಿಯಮ್ಮ. ಒಬ್ಬ ಮುದುಕಿಯಂತೂ ಹುಲ್ಲಿನ ಕವೆಗೋಲು ಹಿಡಿದೇ ಎದುರು ಬಂದಿದ್ದಳಂತೆ. ಅವಳ ಹರಿದ ಕಂಬಳಿ ಹೊಲಿದುಕೊಟ್ಟ ಮೇಲೆ, "ಮುಂದಿನ ಸಲ ನಮ್ಮ ಹೊಲದಲ್ಲೇ ಬೀಳೋಕೆ ಹೇಳಮ್ಮ," ಎಂದಳಂತೆ.

ಹೀಗಿರುವಾಗ, ಕಳೆದ ವರ್ಷ, ಪ್ರಾಂತ್ಯದ ದೊಡ್ಡ ಅಧಿಕಾರಿ ಹಾರಾಟ ನೋಡಲು ಬಂದರು. ಬಲೂನು ಉಬ್ಬಿ ನಿಂತಿತ್ತು. ಆಳುಗಳು ನಾಲ್ಕೂ ಕಡೆ ಹಗ್ಗ ಹಿಡಿದಿದ್ದರು. ಗಗನವೀರರು ಬಲೂನಿಗೆ ಬೆನ್ನು ಹಾಕಿ ವೇದಿಕೆಯಲ್ಲಿ ಭಾಷಣ ಶುರು ಮಾಡಿದರು. ಭಾಷಣ ಉದ್ದವಾಯಿತು. ಅಷ್ಟರಲ್ಲಿ ಬಲೂನಿನ ಬಾಯಂಚಿನಲ್ಲಿ ಹೊಲಿಗೆ ಬಿಡುತ್ತಿರುವುದು ಗಾಡಿಯಮ್ಮನ ಕಣ್ಣಿಗೆ ಬಿತ್ತು. ಹಾಗೇ ಮೇಲೆ ಹೋದರೆ ಗಂಡ ನೆಟ್ಟಗೆ ವಾಪಸ್ಸು ಬರುವ ಹಾಗಿರಲಿಲ್ಲ. ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬುಟ್ಟಿ ಹತ್ತಿದರು.

ಅದೇ ಹೊತ್ತಿಗೆ ವೇದಿಕೆಯ ಮೇಲೆ ಗಗನವೀರರು ತೋಳೆತ್ತಿ ಗುಡುಗಿದರು: "ಬನ್ನಿ, ನಮ್ಮನ್ನು ನೆಲಕ್ಕೆ ಕಟ್ಟಿಹಾಕಿದ ಹಗ್ಗಗಳನ್ನು ಬಿಟ್ಟುಬಿಡೋಣ!"

ಆಳುಗಳು ಬಿಟ್ಟರು.

ಜನ ಹೋ ಎಂದರು. ಅದು ತಮ್ಮ ಮಾತಿಗೆ ಬಿದ್ದ ಮೆಚ್ಚುಗೆ ಎಂದು ಗಗನವೀರರು ಎರಡು ಸಲ ಬಾಗಿ ನಮಸ್ಕರಿಸಿದರು. ಮೂರನೆಯ ಸಲ ಬಾಗುವಾಗ ಅಧಿಕಾರಿ ಆಕಾಶದತ್ತ ಬೆರಳು ತೋರಿಸಿದರು.

"ಕಿರುಚೋಣ ಅಂದ್ರೆ ಬಾಯಲ್ಲಿ ಸೂಜಿ," ಎನ್ನುತ್ತಾರೆ ಗಾಡಿಯಮ್ಮ. ಹೊಲಿಗೆ ಇನ್ನೂ ಬಿಡುತ್ತಲೇ ಇತ್ತು, ಬಿಸಿಗಾಳಿ ಸೋರಿ ಬುಟ್ಟಿ ಒಂದು ಕಡೆಗೆ ವಾಲಿತು. ಕೆಳಗೆ ನೋಡಬಾರದು ಎಂದುಕೊಂಡು ಹೊಲಿಯತೊಡಗಿದರು. ಬಲೂನಿನ ಬಾಯಿಯ ಕೆಳಗೆ ಹುಲ್ಲು ಉರಿಯುತ್ತಿದ್ದ ಅಗ್ಗಿಷ್ಟಿಕೆಯ ಝಳಕ್ಕೆ ಹುಬ್ಬು ಸುಟ್ಟಿತು. ಹೊಲಿದು, ಗಂಟು ಹಾಕಿ, ಹಲ್ಲಲ್ಲಿ ದಾರ ಕತ್ತರಿಸಿ, ಆಮೇಲೆ ಕೆಳಗೆ ನೋಡಿದರು. ಹೆದರಿಕೆ ಎಲ್ಲಿ ಹೋಯಿತೋ. ಶಾಪ ಹಾಕುತ್ತಾ ಗಾಡಿ ಹೊಡೆದ ದಾರಿಗಳೆಲ್ಲ ರಿಬ್ಬನ್ನು ಚೆಲ್ಲಿದ ಹಾಗೆ ಬಿದ್ದಿದ್ದವು. "ಇಷ್ಟು ಚೆನ್ನಾಗಿದೆ ಅಂತ ಇವರು ಒಂದು ದಿನಾನೂ ಹೇಳಿರಲಿಲ್ಲ ನೋಡಿ. ಆ ಸಿಟ್ಟು ಮಾತ್ರ ಇನ್ನೂ ಇದೆ."

ಅಗ್ಗಿಷ್ಟಿಕೆಗೆ ಮತ್ತೆ ಹುಲ್ಲು ಹಾಕದೆ, ಬೆಂಕಿ ಕೆದರಿ ಆರಲು ಬಿಟ್ಟು, ಗಿರಣಿಯಾಚೆಯ ಹುಲ್ಲುಗಾವಲಿನಲ್ಲಿ ಇಳಿದರು. ಬಲೂನು ಮಡಿಚಿಟ್ಟು ಗಂಡನಿಗಾಗಿ ಕಾಯುತ್ತಾ ಕುಳಿತರು.

ಗಂಡನ ಪಾಡು ಕೇಳುವುದೇ ಬೇಡ. ಗಾಡಿ ಹೊಡೆದು ಅಭ್ಯಾಸವಿಲ್ಲ. ಕುದುರೆ ಎಡಕ್ಕೆಂದರೆ ಬಲಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಸಿಕ್ಕ ರೈತನನ್ನು, "ಬಲೂನು ಎಲ್ಲಿ ಬಿತ್ತು, ಕಂಡ್ರಾ?" ಎಂದು ಕೇಳಿದರು.

"ನಂಗೇನು ಗೊತ್ತು ಸ್ವಾಮಿ? ಗಾಡಿಯಮ್ಮನ್ನ ಕೇಳಿ, ಅವರು ಹೇಳ್ತಾರೆ."

ಕೊನೆಗೆ ಲಗಾಮು ಕೈಬಿಟ್ಟು ಅಳುತ್ತಾ ಕೂತರು. ಕುದುರೆ ತನ್ನ ಪಾಡಿಗೆ ತಾನು ಗಿರಣಿಯ ದಾರಿ ಹಿಡಿಯಿತು. ಹೆಂಡತಿಯನ್ನು ಕಂಡದ್ದೇ ಗಗನವೀರರು ಗಾಡಿಯಿಂದ ಉರುಳಿದಂತೆ ಇಳಿದು ಓಡಿಬಂದರು.

"ನೀನು ಹೋಗೇಬಿಟ್ಟೆ ಅಂದ್ಕೊಂಡೆ ಕಣೇ."

"ಊಟ ತಂದ್ರಾ?"

"ಇಲ್ಲ."

"ನಾನು ಪ್ರತಿ ಸಲ ತರ್ತೀನಿ," ಎಂದು ಹೇಳಿ ಗಾಡಿಯಮ್ಮ ಅವರ ಮುಖ ಒರೆಸಿದರು.

ಪತ್ರಿಕೆಯಲ್ಲಿ ಬಂದದ್ದು ಬೇರೆಯೇ: ಗಗನವೀರರು ಮತ್ತೊಮ್ಮೆ ಹಾರಿದರು! ಗಗನವೀರರೇ ಕಚೇರಿಗೆ ಹೋಗಿ, ಹಾರಿದ್ದು ತಮ್ಮ ಹೆಂಡತಿ ಎಂದು ಮೇಜು ಕುಟ್ಟಿ ಹೇಳಿದರು. ಸಂಪಾದಕರ ಕಣ್ಣು ತುಂಬಿಬಂತು. ಮರುದಿನ ಗಗನವೀರರ ವಿನಯದ ಬಗ್ಗೆ ಅರ್ಧ ಪುಟ ಬರೆದರು.

ಗಗನವೀರರಿಗೆ ಇದು ಇನ್ನೂ ನುಂಗಲಾರದ ತುತ್ತು. ಗಾಡಿಯಮ್ಮನಿಗೆ ಅದರ ಚಿಂತೆಯಿಲ್ಲ. ಆದರೆ ಇನ್ನೊಮ್ಮೆ ಮೇಲೆ ಹೋಗಬೇಕೆಂಬ ಆಸೆಯಿದೆ. ಈ ಸಲ ಸೂಜಿಯಿಲ್ಲದೆ, ಸುಮ್ಮನೆ ನೋಡಿಕೊಂಡು ಬರಲು. ಅದಕ್ಕಾಗಿ ಸಂಜೆಹೊತ್ತು ಗಂಡನಿಗೆ ಗಾಡಿ ಹೊಡೆಯುವುದನ್ನು ಕಲಿಸುತ್ತಿದ್ದಾರೆ. ಹಿತ್ತಲ ಗೋಡೆ ಈಗಾಗಲೇ ಎರಡು ಕಡೆ ಕುಸಿದಿದೆ.

"ಕಲೀತಾರೆ ಬಿಡಿ, ನಿಧಾನ," ಎನ್ನುತ್ತಾ ಗಾಡಿಯಮ್ಮ ಅಂಗಳಕ್ಕೆ ಬರುತ್ತಾರೆ. ಒಳಗಿರುವ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳುತ್ತಾರೆ:

"ಆವತ್ತು ನಾನು ಇಳಿದಲ್ಲಿ ಕುರಿಮಂದೆ ಮೇಯ್ತಿತ್ತು. ಇವರು ಇಳಿದ್ರೆ ದನಕರು ಹಗ್ಗ ಕಿತ್ತುಕೊಂಡು ಓಡ್ತವೆ. ನಾನು ಇಳಿದಾಗ ಒಂದು ಕುರೀನೂ ತಲೆ ಎತ್ತಲಿಲ್ಲ, ನೋಡಿ."