ಏಳು ತಂತಿಯ ಗಿಟಾರ್, ನಮ್ಮವರ ವೈರಿಂಗ್

ನನ್ನ ಮಗಳನ್ನು ಅವರಪ್ಪ ಗುಬ್ಬಿ ಎಂದು ಕರೆಯುತ್ತಿದ್ದರು. ನಲವತ್ತು ದಾಟಿದರೂ ಅದೇ ಹೆಸರು ಉಳಿದಿದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಗಾಜು ಉಜ್ಜುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಫ್ರೇಮಿನಲ್ಲಿ ಕೂರುವುದಿಲ್ಲ. ಅಂಥ ನಾಜೂಕಿನವಳು ಮನೆಗೆ ಬಂದು ಪಾತ್ರೆ ನಡುಗುವಂತೆ ಗಿಟಾರ್ ಬಾರಿಸುತ್ತಾಳೆಂದರೆ ಯಾರೂ ನಂಬುವುದಿಲ್ಲ.

ಹೋದ ವರ್ಷ ಏಳು ತಂತಿಯ ಕರೆಂಟ್ ಗಿಟಾರ್ ತಂದಳು. ತೀರಾ ಅಗ್ಗದ್ದಲ್ಲ, ಹೆಸರು ಮಾಡಿದವರು ಹಿಡಿಯುವಂಥದ್ದೂ ಅಲ್ಲ, ನಡುವಿನದು.

“ಆರು ತಂತಿ ಸಾಲದೇನೇ? ಏನು ಲಾಭ ಇದರಿಂದ?” ಎಂದೆ.

“ಈ ದಪ್ಪ ತಂತಿ ಕೇಳಮ್ಮ. ನೆಲದೊಳಗಿಂದ ಬಂದ ಹಾಗಿಲ್ವಾ? ಶ್ರುತಿನೂ ಬೇಗ ಇಳಿಯಲ್ಲ.”

“ನಷ್ಟ?”

“ಹಿಡಿ ಅಗಲ, ನನ್ನ ಬೆರಳು ಸಾಲಲ್ಲ. ಹೆಗಲು ಬಿದ್ದುಹೋಗುತ್ತೆ. ಅಂಗಡೀಲಿ ಆರು ತಂತಿ ಸೆಟ್ಟೇ ಸಿಗೋದು, ಏಳನೇದಕ್ಕೆ ಊರೆಲ್ಲ ಅಲೀಬೇಕು.”

“ಇಷ್ಟು ಕೊರತೆ ಇದ್ರೂ ಒಪ್ಕೊಂಡ್ಯಲ್ಲ. ಗಂಡು ನೋಡೋವಾಗ ಇದರಲ್ಲಿ ಅರ್ಧ ಒಪ್ಪಿದ್ರೂ ಆಗ್ತಿತ್ತು.”

“ಇದನ್ನಾದ್ರೆ ಸಾಕಾದಾಗ ಮೊಳೆಗೆ ನೇತುಹಾಕಬಹುದಮ್ಮ.”

ಅಕ್ಕಪಕ್ಕದವರು ಬೈಯಬಾರದೆಂದು ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಾರಿಸುತ್ತಿದ್ದಳು. ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ ಸಿಕ್ಕಿಸಲು ಅಲ್ಲೊಂದು ಪ್ಲಗ್, ಅದರ ಪಕ್ಕದಲ್ಲೇ ಕಬ್ಬಿಣದ ಪೈಪಿನ ನಲ್ಲಿ. ಬಾಯಾರಿದರೆ ಗಿಟಾರ್ ಕೆಳಗಿಡದೆ, ಒಂದು ಕೈ ತಂತಿಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿ ನೀರು ಕುಡಿಯುವಳು.

ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ, “ಇನ್ನೊಂದು ನಷ್ಟ ಸೇರಿಸ್ಕೋ,” ಎಂದಳು. “ತಂತಿ ಮುಟ್ಟಿದ್ರೆ ಕಚ್ಚುತ್ತೆ. ಮೊದಲು ಇರುವೆ ಕಚ್ಚಿದ ಹಾಗಿತ್ತು, ನಿನ್ನೆ ಮೊಣಕೈ ತನಕ ಜುಮ್ಮಂತು. ನಡುವಿನ ಬೆಲೆ ಮಾಲು, ಇಷ್ಟೇ ಇರಬೇಕು.”

ಗಿಟಾರಿನ ದೋಷವಲ್ಲ ಅದು. ನನಗೆ ಗೊತ್ತಿತ್ತು.

ನಮ್ಮವರು ವೈರ್‌ಮನ್. ಬಟ್ಟೆ ಒಗೆಯುವ ಮಷೀನು ತಂದ ದಿನ ಆ ಪ್ಲಗ್ ಕೂರಿಸಿದರು, ಟಾರ್ಚ್ ಹಿಡಿದವಳು ನಾನು. ದಾರಿ ತಪ್ಪಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ತ್ ತಂತಿ ಆ ಗೋಡೆಗೆ ಬಂದಿರಲಿಲ್ಲ. ಅವರು ಬೆರಳುದ್ದದ ಕೆಂಪು ತಂತಿ ಕತ್ತರಿಸಿ, ಅರ್ತ್ ಕಟ್ಟಬೇಕಾದ ತಿರುಪಿನಿಂದ ನ್ಯೂಟ್ರಲಿಗೆ ಸೇರಿಸಿಬಿಟ್ಟರು.

“ಕರೆಂಟು ವಾಪಸ್ ಹೋಗೋ ತಂತಿಗೇ ಕಟ್ಟಿದೀನಿ. ಅದು ಸಡಿಲ ಆಗೋ ತನಕ ಭಯ ಇಲ್ಲ,” ಎಂದರು.

“ಸಡಿಲ ಆದ್ರೆ?”

“ಮಷೀನಿನ ಮೈಯೆಲ್ಲ ಕರೆಂಟು. ಯಾರಿಗೂ ಹೇಳಬೇಡ ಮಾರಾಯ್ತಿ, ಮುಂದಿನ ಭಾನುವಾರ ಸರಿ ಮಾಡ್ತೀನಿ.”

ಆ ಭಾನುವಾರ ಹನ್ನೊಂದು ವರ್ಷ ಬರಲಿಲ್ಲ. ಆಮೇಲೆ ಅವರೇ ಉಳಿಯಲಿಲ್ಲ. ಅಪ್ಪನ ಕೈಕೆಲಸವೆಂದು ಗುಬ್ಬಿ ಮನೆಯ ಒಂದು ಸ್ವಿಚ್ಚಿಗೂ ಬೇರೆಯವರ ಕೈ ತಾಗಗೊಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹದಿನೈದು ದಿನದಿಂದ ಆ ಪ್ಲಗ್ಗಿನಿಂದಲೇ ಕರೆಂಟು ಹೋಗುವ ಕೋಣೆಯ ಬಲ್ಬು ಮಂಕಾಗಿ ಮಂಕಾಗಿ ಉರಿಯುತ್ತಿದ್ದುದನ್ನು ನೋಡಿಯೂ ಬಲ್ಬು ಹಳೆಯದೆಂದುಕೊಂಡಿದ್ದೆ.

“ಇವತ್ತು ಅದನ್ನ ಮುಟ್ಟಬೇಡ,” ಎಂದೆ.

“ಯಾಕೆ, ಭಾನುವಾರ ಅದಕ್ಕೂ ರಜಾನಾ?” ಎಂದು ನಕ್ಕು ಎದ್ದು ಹೋದಳು.

ಸತ್ತವರ ಮೇಲೆ, ಅದೂ ಮಗಳ ಮುಂದೆ, ಹೇಗೆ ದೂರು ಹೇಳುವುದು? ಅಷ್ಟರಲ್ಲಿ ಗೋಡೆಯಾಚೆ ದಪ್ಪ ತಂತಿ ಗುಡುಗಿತು. ನನಗೆ ಮಣ್ಣಿಗಿಳಿದ ಆ ಕಬ್ಬಿಣದ ನಲ್ಲಿ ನೆನಪಾಯಿತು, ಅದನ್ನು ಮುಟ್ಟಿದರೆ ಕರೆಂಟು ಅವಳ ಮೈಯೊಳಗಿಂದಲೇ ಇಳಿಯುತ್ತದೆ. ಹಿಂದಿನ ಕೋಣೆಗೆ ಓಡಿ ಹೇಳಿ ಮುಗಿಸುವಷ್ಟು ಹೊತ್ತು ಇದೆಯೋ ಇಲ್ಲವೋ. ಮೇನ್ ಸ್ವಿಚ್ ಬಾಗಿಲ ಮೇಲೆಯೇ ಇತ್ತು. ಸ್ಟೂಲ್ ಎಳೆದೆ. ಮಂಡಿ ಕೀಲು ಕಿತ್ತುಬರುವಂತಿತ್ತು. ಹತ್ತಿ, ಎರಡೂ ಕೈಯಿಂದ ಹಿಡಿ ಕೆಳಗೆಳೆದೆ.

ಸದ್ದು ನಿಂತಿತ್ತು. ಆದರೆ ಅದು ನಾನು ಎಳೆದ ಮೇಲೆ ನಿಂತಿತೋ, ಮೊದಲೇ ನಿಂತಿತ್ತೋ ತಿಳಿಯಲಿಲ್ಲ. ಹಿಂದಿನಿಂದ ಒಂದು ಮಾತಿಲ್ಲ.

“ಅಮ್ಮಾ, ಕರೆಂಟ್ ಹೋಯ್ತಾ?”

ಬಂದು ನಿಂತಳು. ಗಿಟಾರ್ ಕೊರಳಲ್ಲೇ ಇತ್ತು. ಒಂದು ಕೈ ಒದ್ದೆಯಾಗಿತ್ತು. ಸ್ಟೂಲಿನಿಂದ ನನ್ನನ್ನು ಅವಳೇ ಇಳಿಸಬೇಕಾಯಿತು. ಇಳಿದವಳೇ ಎಲ್ಲ ಹೇಳಿಬಿಟ್ಟೆ.

ಅವಳು ಕನ್ನಡಕ ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್‌ ತಂದು ಒದ್ದಾಡಿ ಪ್ಲಗ್ ಬಿಚ್ಚಿದಳು. ನ್ಯೂಟ್ರಲಿನ ತಿರುಪು ಸಡಿಲವಾಗಿ ಸುಟ್ಟು ಕಪ್ಪಾಗಿತ್ತು. ಕೆಂಪು ತುಂಡು ಮಾತ್ರ ಅವರು ಕಟ್ಟಿದಂತೆಯೇ ಇತ್ತು.

“ಅಪ್ಪನ ಕೆಲಸಾನಾ ಇದು?”

“ಹೌದು. ಬೆಳಕು ಹಿಡಿದಿದ್ದು ನಾನು.”

“ಇಷ್ಟು ವರ್ಷ ಒದ್ದೆ ಕಾಲಲ್ಲಿ ಇಲ್ಲೇ ಬಟ್ಟೆ ಒಗೆದ್ಯಲ್ಲಮ್ಮ,” ಎಂದಳು.

ಮಾರನೆಯ ದಿನ ಮೊದಲ ಸಲ ಬೇರೆ ವೈರ್‌ಮನ್ ಮನೆಗೆ ಬಂದ. ಅರ್ತ್ ತಂತಿ ಮಣ್ಣಿಗಿಳಿಯಿತು. ಗಿಟಾರ್ ಈಗ ಕಚ್ಚುವುದಿಲ್ಲ. ಆದರೂ ಅವಳು ಅದನ್ನು ಎತ್ತಿಕೊಳ್ಳುವ ಮೊದಲು ನಾನು ಹೋಗಿ, ನಮ್ಮವರು ಕಲಿಸಿದಂತೆ ಕೈಯ ಹಿಂಬದಿಯಿಂದ ಒಂದೊಂದೇ ತಂತಿ ಮುಟ್ಟಿ ನೋಡುತ್ತೇನೆ. ಅವಳು ಸುಮ್ಮನೆ ಕಾಯುತ್ತಾಳೆ.

“ಆಯ್ತಾಮ್ಮ?”

“ತಡಿ, ಇನ್ನೂ ನಾಲ್ಕಿವೆ.”