ಬಳಸಿ ಹೋದ ದಾರಿ

ಲೆಜೆಂಗ್ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಬಾರಾಮ್ ನದಿಯ ಮೇಲ್ಭಾಗದ ಕಾಡನ್ನೇ ನಂಬಿ ಬದುಕುವ ಪೆನಾನ್ ಬುಡಕಟ್ಟಿನ ಜನ ಅವನನ್ನು ಕಾಡಿನ ಕಾವಲಿಗೆ ಇಟ್ಟಿದ್ದೂ ಅದಕ್ಕೇ. ಕಡಿದ ಕಡ್ಡಿಯ ರಸ ಮೂಸಿ ಅದು ನಿನ್ನೆಯದೋ ಮೊನ್ನೆಯದೋ ಹೇಳಿಬಿಡುತ್ತಿದ್ದ. ಹಕ್ಕಿಗಳು ತುಸು ಹೊತ್ತು ಸುಮ್ಮನಾದರೂ ಅವನಿಗೆ ಗುಮಾನಿ.

ಆ ಬೆಳಿಗ್ಗೆ ದಿಣ್ಣೆಯ ಮೇಲೆ ಹೊಸದಾಗಿ ಸವರಿದ ಕಾಲುದಾರಿ ಸಿಕ್ಕಿತು. ಅಲ್ಲಲ್ಲಿ ಮರಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಮರ ಕಡಿಯುವವರು ಅಳತೆ ಮುಗಿಸಿಕೊಂಡು ಹೋಗಿದ್ದರು.

"ಉಪಗ್ರಹದ ಚಿತ್ರದಲ್ಲಿ ಏನೂ ಇಲ್ವಲ್ಲ ಮಾಮ," ಎಂದು ನಕ್ಷೆ ಮಾಡಲು ಪಟ್ಟಣದಿಂದ ಬಂದಿದ್ದ ಉಸುನ್ ಫೋನು ತೋರಿಸಿದಳು. "ಎಲ್ಲಾ ಹಸಿರೇ ಇದೆ."

"ಮೇಲಿಂದ ನೋಡಿದ್ರೆ ಕೂದಲು ಕಾಣ್ತದೆ ಮಗಳೇ, ಹೇನು ಕಾಣ್ತದಾ?"

ಹಿಂದೆ ಬರುತ್ತಿದ್ದ ತಮ್ಮ ಅಯಾತ್ ನಕ್ಕ. ಲೆಜೆಂಗ್ ನಗಲಿಲ್ಲ. ಈ ದಿಣ್ಣೆ ಹೊರಗಿನವರಿಗೆ ತಾನಾಗಿ ಸಿಗುವಂಥದ್ದಲ್ಲ, ಯಾರೋ ಮುಂದೆ ನಿಂತು ಕರೆತಂದಿದ್ದಾರೆ. ಹಾಗೆ ಕರೆತಂದವನಿಗೆ ಯಾವ ಒಲೆಯಿಂದಲೂ ಮಾಂಸದ ಪಾಲಿಲ್ಲ ಎಂದು ಊರು ಮೊದಲೇ ತೀರ್ಮಾನಿಸಿತ್ತು. ಹೆಸರು ಹೇಳಬೇಕಾದವನು ಲೆಜೆಂಗ್.

"ಯಾರಿರಬಹುದು ಅಂತೀಯ?" ಎಂದು ತಮ್ಮನನ್ನು ಕೇಳಿದ.

"ನಿಂಗೆ ಕಾಡುಹಂದಿ ಮೇಲೂ ಅನುಮಾನ ಅಣ್ಣಾ. ಅದನ್ನೇ ಹಿಡಿದು ಕೇಳು."

ದಾರಿ ಇಳಿಜಾರಿನತ್ತ ತಿರುಗಿದಾಗ ಲೆಜೆಂಗನ ನಡಿಗೆ ನಿಧಾನವಾಯಿತು. ಮುಂದಿನ ಸಮತಟ್ಟಿನಲ್ಲಿ ಅವ್ವನನ್ನು ಮಣ್ಣು ಮಾಡಿದ್ದರು. ಅಲ್ಲಿ ಕಲ್ಲಿಲ್ಲ, ಗುರುತಿಲ್ಲ. ಸತ್ತವರ ಹೆಸರೆತ್ತಬಾರದು, ಹೂತ ಜಾಗ ಬಿಟ್ಟು ಹೊರಟುಬಿಡಬೇಕು, ಅದು ಪೆನಾನರ ರೀತಿ. ಆ ಜಾಗ ಬಲ್ಲವರು ಈಗ ಅಣ್ಣ ತಮ್ಮ ಇಬ್ಬರೇ.

ದಾರಿ ನೆಟ್ಟಗೆ ಹೋಗಿರಲಿ ಎಂದು ಅವನು ಬೇಡಿಕೊಂಡ. ಅವ್ವನ ಮೇಲೇ ತುಳಿದುಕೊಂಡು ಹೋಗಿರಲಿ, ಕರೆತಂದವನು ಆ ಜಾಗ ಅರಿಯದ ಬೇರೆ ಯಾರೋ ಆಗಿರಲಿ. ಹೆತ್ತ ತಾಯಿಯ ಬಗ್ಗೆ ಇಂಥದ್ದನ್ನು ಬೇಡಿಕೊಳ್ಳುವ ಗತಿ ಯಾವ ಮಗನಿಗೂ ಬರಬಾರದು.

ದಾರಿ ನೆಟ್ಟಗೆ ಹೋಗಿರಲಿಲ್ಲ. ಸಮತಟ್ಟಿನ ಅಂಚಿಗೆ ಬಂದು, ಬೆತ್ತದ ಮುಳ್ಳುಪೊದೆ ಕಡಿದುಕೊಂಡು, ದೂರದಿಂದ ಸುತ್ತಿ, ಆಚೆ ಮತ್ತೆ ದಿಣ್ಣೆಗೆ ಸೇರಿತ್ತು.

"ಇಷ್ಟು ಚೆಂದದ ನೆಲ ಬಿಟ್ಟು ಮುಳ್ಳಲ್ಲಿ ಯಾಕೆ ಬಳಸಿದ್ರು?" ಎಂದಳು ಉಸುನ್.

ಅಯಾತ್ ತಲೆ ಎತ್ತಲಿಲ್ಲ. ಅವನ ಮೊಣಕೈಯ ಮುಳ್ಳುಗೀರುಗಳು ಇನ್ನೂ ಒಣಗಿರಲಿಲ್ಲ. ಲೆಜೆಂಗ್ ಅವನ ಹತ್ತಿರ ಹೋಗಿ ನಿಂತ.

"ಅವಳನ್ನಾದರೂ ತುಳಿಸಲಿಲ್ವಲ್ಲ ನೀನು," ಎಂದ.

"ಅಣ್ಣಾ..."

ಲೆಜೆಂಗ್ ಉಸುನ್ ಕಡೆ ತಿರುಗಿದ. "ಬರಕೋ ಮಗಳೇ. ಕರ್ಕೊಂಡು ಬಂದವನು ಅಯಾತ್. ನನ್ನ ತಮ್ಮ."